ಸಪ್ಪೆ ನೀರಿನ ಕೆಲಸ

ಈ ಊರಿನಲ್ಲಿ ಬಾವಿ ಒಂದೇ. ಯಾರು ಸೇದುತ್ತಾರೋ ಅವರ ರುಚಿ ನೀರಿಗೆ ಬರುತ್ತದೆ. ಹೆಂಚಿನ ಕಾರ್ಖಾನೆಯ ಮೇಸ್ತ್ರಿ ಸೇದಿದರೆ ನೀರು ಹಸಿ ಶೇಂಗಾದ ಹಾಗಿರುತ್ತದೆ. ಅವನ ಹೆಂಡತಿ ಸೇದಿದರೆ ಸೀಬೆ ಎಲೆ ಅಗಿದಷ್ಟು ಒಗರು. ಅಂಚೆ ಕಚೇರಿಯ ಗುಮಾಸ್ತೆಯ ನೀರಿನಲ್ಲಿ ಹೊಸ ಮಡಕೆಯ ವಾಸನೆ. ಬೇಳೆ ಬೇಯಿಸಲು ಯಾರ ನೀರು, ಹಿಟ್ಟು ಕಲಸಲು ಯಾರದು, ಜ್ವರದವರಿಗೆ ಯಾರದು ಎಂಬುದು ಮನೆಮನೆಗೂ ಗೊತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗಿಂತ ಮೊದಲು ನೀರು ಕೇಳುತ್ತಾರೆ. ಗಂಡೂ ಬಾವಿಗೆ ಹೋಗಿ ಒಂದು ಕೊಡ ಸೇದಿ ಹೆಣ್ಣಿನ ಮನೆಯವರ ಮುಂದೆ ಇಡಬೇಕು. ರುಚಿ ಸದಾ ಒಂದೇ ಥರ ಇರುವುದಿಲ್ಲ. ಕೆಲವರದು ಎರಡು ಮೂರು ವರ್ಷಕ್ಕೊಮ್ಮೆ ತಿರುಗುತ್ತದೆ, ಕೆಲವರದು ಒಂದೇ ಬೇಸಿಗೆಯಲ್ಲಿ. ಹುಟ್ಟಿದಾಗಿನಿಂದ ಬದಲಾಗದವರೂ ಒಬ್ಬಿಬ್ಬರಿದ್ದಾರೆ; ಊರಿನವರು ಅವರ ಮನೆಯಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ.

ತನ್ನ ನೀರಿನ ರುಚಿ ತನಗೆ ಮಾತ್ರ ತಿಳಿಯುವುದಿಲ್ಲ. ತಾನೇ ಸೇದಿ ಕುಡಿದರೆ ಅದು ಬರೀ ನೀರು. ಆದ್ದರಿಂದ ಇಲ್ಲೊಂದು ಮರ್ಯಾದೆ ಬೆಳೆದಿದೆ. ಯಾರ ರುಚಿಯನ್ನೂ ಅವರ ಎದುರಿಗೆ ಹೇಳಬಾರದು. ಅವರಾಗಿ ಕೇಳಿದರೆ ‘ನೀರು ನೀರೇ’ ಎನ್ನಬೇಕು. ಎರಡನೆಯ ಸಲ ಕೇಳಿದರೂ ಅದೇ ಉತ್ತರ. ಮೂರನೆಯ ಸಲ ಕೇಳಿದವರಿಗೆ ನಿಜ ಹೇಳಲೇಬೇಕು. ಹೆಚ್ಚಿನವರು ಎರಡಕ್ಕೆ ನಿಲ್ಲಿಸುತ್ತಾರೆ.

ನಾನು ಇಲ್ಲಿಗೆ ಬಂದದ್ದು ಕಾಲೇಜಿಗೆ, ಅತಿಥಿ ಉಪನ್ಯಾಸಕಿಯಾಗಿ. ಆಗ ನನಗೆ ಇಪ್ಪತ್ತೆಂಟು. ಬರುವ ಮೊದಲಿನ ಚಳಿಗಾಲದಲ್ಲಿ ನನ್ನ ಗಂಡ ಲೋಹಿತ ತೀರಿಕೊಂಡಿದ್ದ. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಜ್ವರ ಬಂತು, ಹನ್ನೊಂದು ದಿನ ಇತ್ತು, ಹನ್ನೆರಡನೆಯ ದಿನ ಅವನಿರಲಿಲ್ಲ. ನನಗೆ ಅಳು ಬರಲಿಲ್ಲ. ಹಸಿವೂ ಆಗುತ್ತಿರಲಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆ. ಅಮ್ಮನಿಗೆ ಇದನ್ನು ನೋಡುತ್ತಾ ಕೂರುವುದು ಕಷ್ಟವಾಯಿತು. ಅರ್ಜಿ ಹಾಕಿದ ಆರು ಕಡೆಗಳಲ್ಲಿ ಉತ್ತರ ಬಂದದ್ದು ಇಲ್ಲಿಂದ ಮಾತ್ರ.

ಬಾಡಿಗೆ ಕೋಣೆಗೆ ಬಂದ ಮರುದಿನ ಬೆಳಿಗ್ಗೆ ಒಂದು ಕೊಡ ಸೇದಿ ತಂದೆ. ಮನೆಯೊಡತಿ ಕಾಫಿಗೆ ಬೇಕೆಂದು ಒಂದು ಚೊಂಬು ಬಗ್ಗಿಸಿಕೊಂಡರು. ಒಂದು ಗುಟುಕು ಕುಡಿದು ನಿಂತರು. ಇನ್ನೊಂದು ಗುಟುಕು ಕುಡಿದರು. ಅವರಿಗೆ ಮರ್ಯಾದೆ ಮರೆತುಹೋಯಿತು.

“ಇದ್ರಾಗೆ ಏನೂ ಇಲ್ವಲ್ಲವ್ವಾ.”

ರುಚಿಯನ್ನು ಹೇಳಬಾರದು ಎಂಬ ನಿಯಮವಿತ್ತೇ ಹೊರತು, ಇಲ್ಲದ ರುಚಿಯ ಬಗ್ಗೆ ಯಾರೂ ನಿಯಮ ಮಾಡಿರಲಿಲ್ಲ. ಸಂಜೆಗೆ ಅಕ್ಕಪಕ್ಕದ ನಾಲ್ವರು ಲೋಟ ಹಿಡಿದು ಬಂದರು. ಮಾರನೆಯ ದಿನ ಓಬಳಮ್ಮ ಬಂದರು.

ಓಬಳಮ್ಮನವರದು ಬಾವಿಯ ಎದುರಿನ ಊಟದ ಹೋಟೆಲು. ಅರವತ್ತರ ಹೆಂಗಸು, ತೋಳು ನನ್ನ ತೊಡೆಯಷ್ಟು ದಪ್ಪ. ಅವರ ಸ್ವಂತ ನೀರಿಗೆ ಸುಟ್ಟ ಬದನೆಕಾಯಿಯ ರುಚಿ. ಒಂದೆರಡು ದಿನಕ್ಕೆ ಅದು ಚೆನ್ನ, ಮೂವತ್ತು ವರ್ಷ ಅದೇ ಹೊಗೆಯ ಸಾರು ಉಂಡು ಜನ ಬೇಸತ್ತಿದ್ದರು. ಬೇರೆಯವರಿಂದ ಸೇದಿಸಿದರೆ ಸಾರು ಆ ಬೇರೆಯವರ ಕಡೆ ವಾಲುತ್ತಿತ್ತು. ಅವರು ನನ್ನ ನೀರನ್ನು ಬಾಯಿಯಲ್ಲಿ ತುಂಬಿಕೊಂಡು ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ ನುಂಗಿದರು. ಆಮೇಲೆ ದಿನಕ್ಕೆ ಇಪ್ಪತ್ತೆರಡು ಕೊಡ, ಎರಡು ಹೊತ್ತು ಊಟ, ಅಡುಗೆಮನೆಯ ಹಿಂದಿನ ಕೋಣೆ, ಮೇಲೊಂದಿಷ್ಟು ಸಂಬಳ ಎಂದರು. ಓದಿದವಳನ್ನು ನೀರು ಸೇದಲು ಕರೆಯುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದೂ ಸೇರಿಸಿದರು. ನನಗೆ ಬೇಸರವಾಗಲಿಲ್ಲ. ಏನೂ ಆಗುತ್ತಿರಲಿಲ್ಲ.

ಮಾರ್ಚಿವರೆಗೆ ಎರಡೂ ಕೆಲಸ ಮಾಡಿದೆ. ಬೆಳಗಿನ ಜಾವದಿಂದ ಎಂಟರವರೆಗೆ ಬಾವಿ, ಹತ್ತಕ್ಕೆ ಕಾಲೇಜು. ಬೇಸಿಗೆ ರಜೆಯ ನಂತರ ಕಾಲೇಜಿನವರು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಬಾವಿಯ ಕೆಲಸದಲ್ಲಿ ನನಗೆ ಒಂದು ಸಮಾಧಾನವಿತ್ತು. ಲೋಹಿತ ಹೋದ ಮೇಲೆ ನನ್ನಲ್ಲಿ ಏನೂ ಉಳಿದಿಲ್ಲ ಎಂದು ನಾನು ಯಾರಿಗೂ ಹೇಳಬೇಕಿರಲಿಲ್ಲ. ಇಡೀ ಊರು ದಿನವೂ ಅದನ್ನು ಕುಡಿದು ನೋಡುತ್ತಿತ್ತು. ಬೇರೆ ಹೆಂಗಸರು ಗಂಡಂದಿರ ಫೋಟೋಗೆ ಹಾರ ಹಾಕುತ್ತಾರೆ. ನಾನು ಅವನಿಗಾಗಿ ಸಪ್ಪೆಯಾಗಿ ಉಳಿದಿದ್ದೆ. ಅದು ಕೆಡದಂತೆ ನೋಡಿಕೊಂಡೆ. ಕಾದಂಬರಿ ಓದುವುದನ್ನು ಬಿಟ್ಟೆ. ಹಬ್ಬಕ್ಕೆ ಕರೆದ ಮನೆಗಳಿಗೆ ಹೋಗಲಿಲ್ಲ. ಮಲಗುವ ಮುಂಚೆ ಆ ಹನ್ನೊಂದು ದಿನಗಳನ್ನು ಕ್ರಮವಾಗಿ ನೆನೆಸಿಕೊಳ್ಳುತ್ತಿದ್ದೆ, ಒಂದನ್ನೂ ಬಿಡದೆ.

ಹೋಟೆಲಿನಲ್ಲಿ ಇನ್ನೊಬ್ಬರಿದ್ದರು, ಮರುಳಪ್ಪ. ತರಕಾರಿ ಹೆಚ್ಚುವುದು, ಎಲೆ ಹಾಕುವುದು ಅವರ ಕೆಲಸ. ಹಿಂದೆ ಪುರಸಭೆಯವರು ಊರಿಗೆಲ್ಲ ನಲ್ಲಿ ಹಾಕಿಸಿದ್ದಾಗ ಮೋಟಾರು ಹಾಕುವ ಕೆಲಸ ಅವರದಾಗಿತ್ತು. ಗುಂಡಿ ಒತ್ತಿದವರ ರುಚಿ ಇಡೀ ಊರಿಗೆ ಹೋಯಿತು. ಆಗ ಅವರಿಗೂ ಅವರ ತಮ್ಮನಿಗೂ ಹೊಲದ ಬದುವಿನ ಜಗಳ. ಒಂದು ಸಾವಿರ ಮನೆಗಳಲ್ಲಿ ಬೇವಿನ ಕಷಾಯ ಬಂತು. ಕೂಸುಗಳು ಹಾಲು ಬಿಟ್ಟವು. ಅಂಗಡಿಗಳಲ್ಲಿ ಬೆಲ್ಲ ಸಿಗದಂತಾಯಿತು. ಅವರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸಿದರೆ ನೀರು ಕಬ್ಬಿಣದ ತುಕ್ಕಾಯಿತು, ಮತ್ತೊಬ್ಬರನ್ನು ಕೂರಿಸಿದರೆ ಸೀಗೆಕಾಯಿ. ಕೊನೆಗೆ ಜನ ನಲ್ಲಿಗೆ ಕರುಗಳನ್ನು ಕಟ್ಟಿ ಮತ್ತೆ ಬಾವಿಗೆ ಬಂದರು. ನನ್ನನ್ನು ಮರುಳಪ್ಪ ಮೊದಲ ದಿನದಿಂದಲೇ ಮೇಡಂ ಎಂದು ಕರೆದರು. ಕಾಲೇಜು ಬಿಟ್ಟ ಮೇಲೂ ಬಿಡಲಿಲ್ಲ.

ಮೊದಲ ವರ್ಷದ ದೀಪಾವಳಿಯ ಸುಮಾರಿಗೆ ಓಬಳಮ್ಮನವರಿಗೆ ಎದೆನೋವು ಬಂದು ಹೋಯಿತು. ಹೆದರಿದವರು ನನ್ನನ್ನು ಕೂರಿಸಿಕೊಂಡು ಮೂವತ್ತು ಜನರ ಸಾರಿನ ಅಳತೆ ಬರೆಸಿದರು. ತಾವು ಸತ್ತರೂ ಹೋಟೆಲು ಸಾಯಬಾರದು ಎಂದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಬೇಳೆ ಎರಡು ಸೇರು, ಹುಣಸೆಹಣ್ಣು ಆರು ನಿಂಬೆಗಾತ್ರ, ಬೆಲ್ಲ ಒಂದು ಅಚ್ಚು, ಹೀಗೆ. ಅದನ್ನು ಅಡುಗೆಮನೆಯ ಬಾಗಿಲಿನ ಹಿಂದೆ ಅಂಟಿಸಿದೆವು. ಆ ಸಾರಿಗೆ ಜನ ದೂರದ ಓಣಿಗಳಿಂದ ಬರುತ್ತಿದ್ದರು. ಯಾರ ಕಡೆಗೂ ವಾಲದ ಸಾರು ಎಂದು ಹೇಳಿಕೊಳ್ಳುತ್ತಿದ್ದರು.

ಹೀಗೆ ಎರಡು ವರ್ಷವಾಯಿತು. ನಾನು ಚೆನ್ನಾಗಿದ್ದೆ ಎಂದೇ ಹೇಳಬೇಕು. ಬೆಳಿಗ್ಗೆ ರಾಟೆಯ ಸದ್ದು, ಎಂಟಕ್ಕೆ ಕಾಫಿ, ಮಧ್ಯಾಹ್ನ ಮರುಳಪ್ಪನವರ ಜೊತೆ ಹುರುಳಿಕಾಯಿ ಸೋಸುವುದು.

ಹೋದ ತಿಂಗಳು ಓಬಳಮ್ಮ ತಂಗಿಯ ಮೊಮ್ಮಗಳ ನಾಮಕರಣಕ್ಕೆ ಹೊರಟರು. ನಾಲ್ಕು ದಿನದ ಮಾತು. ಹೋಟೆಲು ಮುಚ್ಚೋಣ ಎಂದರು. ಬೇಡ, ನಾನು ಅಡುಗೆ ಮಾಡುತ್ತೇನೆ, ಅಳತೆ ಇದೆಯಲ್ಲ ಎಂದೆ. ಅವರು ಮರುಳಪ್ಪನವರ ಮುಖ ನೋಡಿದರು. ಮರುಳಪ್ಪ ಕತ್ತಿಯನ್ನು ನೋಡಿದರು. ನನ್ನ ಕೈಯಡುಗೆಯ ಮೇಲೆ ನಂಬಿಕೆಯಿಲ್ಲ ಎಂದುಕೊಂಡೆ. ಬಸ್ಸು ಬಂತು, ಓಬಳಮ್ಮ ಹತ್ತಿದರು, ಕಿಟಕಿಯಿಂದ ಏನೋ ಹೇಳಲು ಹೊರಟು ಹೇಳದೆ ಹೋದರು.

ಮೊದಲ ದಿನ ನಾನು ಒಲೆ ಹಚ್ಚಿ ಹುಣಸೆ ನೆನೆಸಲು ಎದ್ದಾಗ ಮರುಳಪ್ಪ ಬಂದು ಒಲೆಯ ಪಕ್ಕ ನಿಂತರು.

“ಹುಣಸೆ ಕೆಲ್ಸ ನಂಗೆ ಬಿಡಿ ಮೇಡಂ.”

“ಯಾಕೆ?”

“ಅದು ಕೈಗೆ ಅಂಟತೈತೆ.”

“ಅಂಟಲಿ ಬಿಡಿ.”

“ಮತ್ತೆ, ಅದ್ರಾಗೆ ಹುಳ ಬಿದ್ದಾವೆ.”

ಭರಣಿ ತೆಗೆದು ನೋಡಿದೆ. ಹುಳ ಇರಲಿಲ್ಲ. ಒಳ್ಳೆಯ ಹಣ್ಣು, ಕಪ್ಪಾಗಿ ಮಿರುಗುತ್ತಿತ್ತು. ಆರು ನಿಂಬೆಗಾತ್ರ ಅಳೆದು ನೆನೆಸಿದೆ. ಮರುಳಪ್ಪ ನಿಟ್ಟುಸಿರು ಬಿಟ್ಟು ಬೆಲ್ಲದ ಡಬ್ಬವನ್ನು ನನ್ನ ಕೈಗೆ ಸಿಗುವಂತೆ ಹತ್ತಿರ ಸರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನಷ್ಟು ಹತ್ತಿರ ಸರಿಸಿದರು. ನಾನು ಬರೆದಿದ್ದಷ್ಟೇ ಹಾಕಿದೆ.

ಜನ ಬಂದರು, ಉಂಡರು. ಅವತ್ತಿನ ಹಾಗೆ ಮೌನವಾಗಿ ಉಂಡದ್ದನ್ನು ನಾನು ನೋಡಿರಲಿಲ್ಲ. ಮೇಸ್ತ್ರಿ ಮೊದಲ ತುತ್ತಿಗೆ ಒಂದು ಕಣ್ಣು ಮುಚ್ಚಿದ. ಗುಮಾಸ್ತೆ ಬಾಳೆಹಣ್ಣು ಸುಲಿದು ಅನ್ನದಲ್ಲಿ ಕಲಸಿಕೊಂಡಳು. ಎಲ್ಲರೂ ಮಜ್ಜಿಗೆ ಕೇಳಿದರು, ಹನ್ನೆರಡೂವರೆಗೆ ಮಜ್ಜಿಗೆ ಮುಗಿಯಿತು. ಆದರೆ ಯಾರೂ ಎಲೆಯಲ್ಲಿ ಬಿಡಲಿಲ್ಲ. ಹೋಗುವಾಗ ಒಬ್ಬೊಬ್ಬರೂ ಊಟ ಚೆನ್ನಾಗಿತ್ತು ಎಂದು ಹೇಳಿಹೋದರು, ಕೇಳದೆಯೇ. ಕೊನೆಗೆ ನಾನು ಉಂಡೆ. ಸಾರು ಬಹಳ ಚೆನ್ನಾಗಿ ಬಂದಿತ್ತು. ಓಬಳಮ್ಮನವರದಕ್ಕಿಂತ ಒಂದು ಕೈ ಮೇಲು ಎಂದೂ ಅನ್ನಿಸಿತು.

ಎರಡನೆಯ ದಿನ ಹತ್ತೊಂಬತ್ತು ಜನ ಬಂದರು. ಮೂರನೆಯ ದಿನ ಹನ್ನೊಂದು. ಆ ಹನ್ನೊಂದರಲ್ಲಿ ಒಬ್ಬ ಪರಊರಿನವನು, ಬಳೆ ಮಾರುವವನು, ಬಸ್ಸು ತಪ್ಪಿಸಿಕೊಂಡು ಒಳಗೆ ಬಂದಿದ್ದ. ಅವನಿಗೆ ಇಲ್ಲಿಯ ಮರ್ಯಾದೆ ಗೊತ್ತಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟು ನನ್ನ ಕಡೆ ತಿರುಗಿದ.

“ಏನಕ್ಕಾ, ಹುಣಸೆಮರಾನೇ ಕಡಿದು ಹಾಕಿದ್ದೀಯಾ?”

ಉಳಿದ ಹತ್ತು ಜನ ತಮ್ಮ ತಮ್ಮ ಎಲೆ ನೋಡುತ್ತ ಕೂತರು. ಮರುಳಪ್ಪ ಬಳೆಗಾರನ ಎಲೆಗೆ ಮಜ್ಜಿಗೆ ಹಾಕಲು ಓಡಿದರು.

ನಾನು ಅಡುಗೆಮನೆಗೆ ಹೋಗಿ ಬಾಗಿಲಿನ ಹಿಂದಿನ ಕಾಗದ ನೋಡಿದೆ. ಅಳತೆಯಲ್ಲಿ ತಪ್ಪಿರಲಿಲ್ಲ. ಪಾತ್ರೆಯಿಂದ ಒಂದು ಸೌಟು ಕುಡಿದೆ. ಸಾರಿನಲ್ಲೂ ತಪ್ಪಿರಲಿಲ್ಲ. ಆಮೇಲೆ ಹುಣಸೆಯ ಭರಣಿ ನೋಡಿದೆ. ಶಿವರಾತ್ರಿಯ ಮುನ್ನಾದಿನ ಅದನ್ನು ನಾನೇ ಕತ್ತಿನವರೆಗೆ ತುಂಬಿಟ್ಟಿದ್ದೆ. ಆಗ ಶ್ರಾವಣ ನಡೆದಿತ್ತು. ಮೂರು ದಿನಗಳಲ್ಲಿ ನಾನು ತೆಗೆದದ್ದನ್ನು ಬಿಟ್ಟರೆ ಭರಣಿ ಹಾಗೆಯೇ ಇತ್ತು. ಐದು ತಿಂಗಳು ಓಬಳಮ್ಮ ಸಾರಿಗೆ ಹುಣಸೆಯನ್ನೇ ಹಾಕಿರಲಿಲ್ಲ. ಹುಳಿ ಬೇರೆ ಎಲ್ಲಿಂದಲೋ ಬರುತ್ತಿತ್ತು. ಬೆಳಗಿನ ಜಾವ ನಾನು ಬಾವಿಯ ಕಟ್ಟೆಯ ಮೇಲಿರುವಾಗ ಅವರು ಒಳಗೆ ಒಬ್ಬರೇ ಸಾರು ಕೂಡಿಸುತ್ತಿದ್ದರು. ಅವರ ಸಾರಿಗೆ ಹುಳಿ ಸಾಲದು ಎಂದು ನನಗೆ ಈಚೆಗೆ ಅನ್ನಿಸಿದ್ದುಂಟು, ನನ್ನ ನಾಲಗೆಯೇ ಸತ್ತಿದೆ ಎಂದುಕೊಂಡಿದ್ದೆ.

ಜನ ಹೋದ ಮೇಲೆ ಮರುಳಪ್ಪನವರನ್ನು ಕರೆದು ಜಗಲಿಯ ಮೇಲೆ ಕೂರಿಸಿದೆ. ನನ್ನ ನೀರು ಹೇಗಿದೆ ಎಂದು ಕೇಳಿದೆ.

“ನೀರು ನೀರೇ ಮೇಡಂ.”

ಇನ್ನೊಮ್ಮೆ ಕೇಳಿದೆ. ಅವರು ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡು ಅದನ್ನೇ ಹೇಳಿದರು, ಮೆಲ್ಲಗೆ. ಎರಡಕ್ಕೆ ನಿಲ್ಲಿಸಿದರೆ ಒಳ್ಳೆಯದು ಎಂಬ ಹಾಗೆ ನನ್ನನ್ನು ನೋಡಿದರು. ನಾನು ಮೂರನೆಯ ಸಲ ಕೇಳಿದೆ.

“ಹುಳಿ ಐತೆ,” ಎಂದರು. “ಬರೀ ಹುಳಿ ಅಲ್ಲ. ಹೇಳಾಕೆ ಬರಾಕಿಲ್ಲ. ಆದ್ರೆ ಸಪ್ಪೆ ಅಲ್ಲ. ಸಪ್ಪೆ ಇಲ್ದೆ ಭಾಳ ದಿನ ಆತು.”

“ಎಷ್ಟು ದಿನ?”

“ನಂಗೆ ಗೊತ್ತಾಗಿದ್ದು ಹೋದ ಗೌರಿ ಹಬ್ಬದಾಗೆ.”

ಅಂದರೆ ಹತ್ತಿರ ಹತ್ತಿರ ಒಂದು ವರ್ಷ. ಒಂದು ವರ್ಷದಿಂದ ನಾನು ದಿನವೂ ಹನ್ನೊಂದು ದಿನಗಳನ್ನು ನೆನೆಸಿ ಮಲಗುತ್ತಿದ್ದೆ, ಬೆಳಿಗ್ಗೆ ಎದ್ದು ಊರಿಗೆಲ್ಲ ಹುಳಿನೀರು ಸೇದಿ ಕೊಡುತ್ತಿದ್ದೆ. ಲೋಹಿತನಿಗಾಗಿ ಇಟ್ಟುಕೊಂಡಿದ್ದು ಇದೊಂದೇ. ಅದೂ ನನ್ನ ಕೈಯಿಂದ ಹೋಗಿತ್ತು, ಹೋದದ್ದು ನನ್ನೊಬ್ಬಳಿಗೆ ತಿಳಿದಿರಲಿಲ್ಲ. ಕೋಣೆಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿದೆ. ಸಪ್ಪೆ ನೀರಿನ ಕೆಲಸಕ್ಕೆ ಬಂದವಳು ನಾನು. ಈ ಕೋಣೆಯೂ ಆ ಕೆಲಸದ್ದೇ. ಓಬಳಮ್ಮ ಬಂದ ಕೂಡಲೇ ಹೇಳಿ ಹೊರಡುವುದೆಂದು ತೀರ್ಮಾನಿಸಿದೆ.

ಆದರೆ ಹೊರಡುವ ಮೊದಲು ಒಂದು ವಿಷಯ ನನಗೆ ಗೊತ್ತಾಗಬೇಕಿತ್ತು. ಎಂ.ಎ. ಎರಡನೆಯ ವರ್ಷದಲ್ಲಿ ನಾನು ಬರೆದ ಪ್ರಬಂಧ ಕಾದಂಬರಿಗಳಲ್ಲಿ ಪಾತ್ರಗಳು ಬದಲಾಗುವ ಬಗೆಯನ್ನು ಕುರಿತದ್ದು. ನಮ್ಮ ಮೇಷ್ಟ್ರು ಒಂದು ಕೆಂಪು ಪೆನ್ಸಿಲ್ ಕೊಟ್ಟಿದ್ದರು. ಯಾವ ಪುಟದಲ್ಲಿ ಪಾತ್ರ ಬದಲಾಗುತ್ತದೋ ಅಲ್ಲಿ ಗೆರೆ ಎಳೆಯಬೇಕು. ನಾನು ಹದಿನಾರು ಕಾದಂಬರಿಗಳಲ್ಲಿ ಗೆರೆ ಎಳೆದಿದ್ದೆ. ಒಂದು ಸಾವು, ಒಂದು ಕಾಗದ, ಒಂದು ಪ್ರಯಾಣ. ಅದಕ್ಕೆ ಮುಂಚೆ ಒಬ್ಬ ಮನುಷ್ಯ, ಆಮೇಲೆ ಇನ್ನೊಬ್ಬ. ನನ್ನದು ಯಾವ ದಿನ ಎಂದು ತಿಳಿದುಕೊಂಡು ಹೋಗಬೇಕೆನಿಸಿತು. ಬೈಯುವುದಕ್ಕಾದರೂ ಒಂದು ದಿನ ಬೇಕಲ್ಲ.

ಮಾರನೆಯ ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆಯಲಿಲ್ಲ. ಮನೆಮನೆಗೆ ಹೋದೆ, ಪ್ರತಿಯೊಬ್ಬರನ್ನೂ ಮೂರು ಮೂರು ಸಲ ಕೇಳಿದೆ. ನನ್ನ ಹಳೆಯ ಮನೆಯೊಡತಿ ಯುಗಾದಿಗೆ ಮುಂಚೆ ಎಂದರು. ಮೇಸ್ತ್ರಿ ಅಷ್ಟು ಹಿಂದೆ ಅಲ್ಲ, ಮಾವಿನಕಾಯಿ ಬರುವ ಹೊತ್ತಿಗೆ ಎಂದ. ಮಾವಿನಕಾಯಿ ಜೊತೆ ಸೇರಿ ತನಗೆ ಹಾಗೆ ಅನ್ನಿಸಿತೇನೋ ಎಂದು ಮೊದಲು ಸುಮ್ಮನಿದ್ದನಂತೆ. ಗುಮಾಸ್ತೆ ಡೈರಿ ತೆಗೆದು ಒಂದು ತಾರೀಖು ತೋರಿಸಿದಳು, ಹೋದ ವರ್ಷದ ನವೆಂಬರ್ ಒಂಬತ್ತು. ಅವಳ ಡೈರಿಯ ಬಗ್ಗೆ ನನಗೆ ನಂಬಿಕೆ ಬಂತು. ಆ ದಿನ ಏನಾಯಿತು ಎಂದು ಬಾವಿಯ ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಬಹಳ ಹೊತ್ತಿಗೆ ನೆನಪಾಯಿತು. ಬದನೆಕಾಯಿ ಕೊಂಡಿದ್ದೆ. ತೂಕದಲ್ಲಿ ಮೋಸ ಮಾಡಿದಳೆಂದು ತರಕಾರಿಯವಳ ಜೊತೆ ಜಗಳವಾಡಿದ್ದೆ, ಗೆದ್ದಿದ್ದೆ. ಗೆದ್ದು ಬರುವಾಗ ದಾರಿಯಲ್ಲಿ ಒಬ್ಬಳೇ ನಕ್ಕಿದ್ದೆ. ಅದಕ್ಕೆ ಗೆರೆ ಎಳೆಯಲು ಬರುತ್ತದೆಯೇ? ಜಗಳವಾಡಲು ಹೋದವಳು ಅಷ್ಟರಲ್ಲಾಗಲೇ ಸಪ್ಪೆಯಾಗಿರಲಿಲ್ಲ. ಅದಕ್ಕೂ ಹಿಂದೆ ಹೋಗಬೇಕು. ಹಿಂದೆ ಹೋದರೆ ಗೌರಿ ಹಬ್ಬ, ಮರುಳಪ್ಪ ಹೇಳಿದ್ದು. ಆ ದಿನ ಅವರು ಹೋಳಿಗೆಯ ಹೂರಣಕ್ಕೆ ಉಪ್ಪು ಹಾಕಿಬಿಟ್ಟಿದ್ದರು. ಊಟಕ್ಕೆ ಬಂದವರಿಗೆಲ್ಲ ನಾನು ಇದು ಹೊಸ ರೀತಿ ಎಂದು ಸುಳ್ಳು ಹೇಳಿ ಬಡಿಸಿದ್ದೆ. ಅದಕ್ಕೂ ಹಿಂದೆ ಏನಿತ್ತೋ.

ಮರುಳಪ್ಪ ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತರು. ಅವರಾಗಿಯೇ ಮೋಟಾರಿನ ಕಾಲದ ಮಾತು ತೆಗೆದರು. ಕೆಲಸ ಹೋದ ನಾಲ್ಕು ವರ್ಷಕ್ಕೆ ಒಂದು ಮದುವೆಮನೆಯಲ್ಲಿ ಆಳು ಸಾಲದೆ ಅವರಿಂದ ನೀರು ಸೇದಿಸಿದರಂತೆ. ಊಟಕ್ಕೆ ಕೂತವರೆಲ್ಲ ಪಾಯಸ ಎರಡೆರಡು ಸಲ ಹಾಕಿಸಿಕೊಂಡರಂತೆ. ಆಗ ಅವರಿಗೆ ವಿಷಯ ತಿಳಿಯಿತು.

“ತಮ್ಮನ ಮ್ಯಾಲಿನ ಸಿಟ್ಟು ಹೋಗಿತ್ತು ಮೇಡಂ. ನನಗಿಂತ ಮೊದ್ಲು ಊರಿಗೆ ಗೊತ್ತಾತು.”

“ಖುಷಿಯಾಯ್ತಾ?”

“ಎಲ್ಲಿ ಖುಷಿ. ನನ್ನ ಕೇಳ್ದಂಗೆ ಎಂಗೆ ಹೋತು ಅಂತ ಇನ್ನಾ ಸಿಟ್ಟು ಬಂತು. ಎಂಟು ದಿನ ತಮ್ಮನ ಬಯ್ಕೊಂಡು ತಿರುಗಾಡ್ದೆ, ಬೇಕಂತ. ನೀರು ಕಹಿ ಆಗ್ಲೇ ಇಲ್ಲ.”

ನನಗೆ ನಗು ಬಂತು. ಅವರ ಮುಂದೆ ನಗಬಾರದೆಂದು ಬಾವಿಯೊಳಗೆ ನೋಡಿದೆ.

ಓಬಳಮ್ಮ ಮಧ್ಯಾಹ್ನ ಮೂರಕ್ಕೆ ಬಂದರು. ಕೈಯಲ್ಲಿ ನಾಮಕರಣದ ಕಡಲೆಯ ಪೊಟ್ಟಣ. ಹೋಟೆಲಿನ ಬಾಗಿಲು ಮುಚ್ಚಿದ್ದನ್ನು, ಕೋಣೆಯ ಹೊಸ್ತಿಲ ಬಳಿ ಇದ್ದ ನನ್ನ ಚೀಲವನ್ನು, ಆಮೇಲೆ ಮರುಳಪ್ಪನವರನ್ನು ನೋಡಿದರು. ಮೇಡಂ ಮೂರು ಸಲ ಕೇಳಿದರು, ನಾನೇನು ಮಾಡಲಿ ಎಂದು ಮರುಳಪ್ಪ ಗೊಣಗಿದರು. ಓಬಳಮ್ಮ ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಡುಗೆಮನೆಯ ಮಣೆಯ ಮೇಲೆ ಕೂತು ನನ್ನನ್ನು ಕರೆದರು. ನಾನು ನಿಂತೇ ಮಾತಾಡಿದೆ. ನನ್ನನ್ನು ಕರೆದದ್ದು ಸಪ್ಪೆ ನೀರಿಗೆ, ಅದು ನನ್ನಲ್ಲಿ ಇಲ್ಲ, ಐದು ತಿಂಗಳಿನಿಂದ ನನ್ನ ತಪ್ಪನ್ನು ನೀವು ಮುಚ್ಚುತ್ತಿದ್ದೀರಿ ಎಂದೆ. ಹೇಳಬಹುದಿತ್ತು ಎಂದೂ ಅಂದೆ. ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

“ಹೇಳಿದ್ರೆ ಹಿಂಗೇ ಚೀಲ ಕಟ್ತಿದ್ದೆ,” ಎಂದರು ಓಬಳಮ್ಮ. “ಅಲ್ವಾ?”

ನಾನು ಹೊಸ್ತಿಲ ಬಳಿಯ ಚೀಲದ ಕಡೆ ನೋಡಿದೆ.

“ಮತ್ತೆ ತಪ್ಪು ಮುಚ್ಚಿಲ್ಲ ನಾನು. ಮೊದ್ಲು ಆರು ಹಾಕ್ತಿದ್ದೆ, ಐದು ಹಾಕ್ದೆ. ಆಮೇಲೆ ನಾಕು. ಅಡುಗೆ ಅಂದ್ರೆ ಅಷ್ಟೇಯ. ದಿನಾ ಬಾಯಿಗೆ ಬಿಟ್ಕಂಡು ನೋಡಿ, ಎಷ್ಟು ಬೇಕೋ ಅಷ್ಟು. ಗೋಡೆ ಮ್ಯಾಲೆ ಬರ್ದಿದ್ದು ನೋಡಿ ಅಡುಗೆ ಮಾಡಾಕಾಗುತ್ತಾ?”

ಬರೆಸಿದ್ದು ನೀವೇ ಎಂದೆ. ಆಗ ಎದೆನೋವಿತ್ತು, ತಲೆ ಸರಿಯಿರಲಿಲ್ಲ ಎಂದರು.

ನಾನು ನೆಲದ ಮೇಲೆ ಕೂತೆ. ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ, ಆದರೂ ಹೇಳಿದೆ. ಈ ಊರಿನಲ್ಲಿ ನಾನು ಲೋಹಿತನ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಅವನಿಗಾಗಿ ನಾನು ಏನೂ ಮಾಡಲಿಲ್ಲ, ಹನ್ನೊಂದು ದಿನ ಪಕ್ಕದಲ್ಲಿ ಕೂತಿದ್ದೆ ಅಷ್ಟೆ; ಅವನು ಹೋದ ಮೇಲೆ ಬೇರೆಯವಳಾಗುವುದಿಲ್ಲ ಎಂಬುದೊಂದನ್ನು ಮಾಡಬಹುದಾಗಿತ್ತು, ಅದನ್ನೂ ಮಾಡಲಿಲ್ಲ ಎಂದೆ. ಓಬಳಮ್ಮ ಕೇಳಿದರು. ಸಮಾಧಾನದ ಮಾತೇನೂ ಆಡಲಿಲ್ಲ. ಅವನ ರುಚಿ ಹೇಗಿತ್ತು ಎಂದು ಕೇಳಿದರು. ನಮ್ಮೂರಿನಲ್ಲಿ ನೀರಿಗೆ ರುಚಿ ಬರುವುದಿಲ್ಲ, ಗೊತ್ತಿಲ್ಲ ಎಂದೆ. ಅಯ್ಯೋ ಎಂದರು. ಆಮೇಲೆ ನಿನ್ನದಾದರೂ ಹೇಗಿದೆಯೆಂದು ನೋಡಿದ್ದೀಯಾ ಎಂದರು. ತನ್ನದು ತನಗೆ ತಿಳಿಯುವುದಿಲ್ಲವಲ್ಲ ಎಂದೆ.

“ಅದುಕ್ಕೇನು. ಕುಂತ್ಕ.”

ಬಾವಿಯಿಂದ ಒಂದು ಚೊಂಬು ಸೇದಿಕೊಂಡು ಬರಲು ಮರುಳಪ್ಪನವರಿಗೆ ಹೇಳಿದರು. ಮರುಳಪ್ಪನವರ ನೀರಿಗೆ ಈಗ ಅಕ್ಕಿ ತೊಳೆದ ನೀರಿನಷ್ಟೇ ರುಚಿ, ಅದರ ಮೇಲೆ ಏನು ಬೇಕಾದರೂ ಕೂಡಿಸಬಹುದು. ಮುಂದೆ ಎರಡು ಪಾತ್ರೆ ಇಟ್ಟುಕೊಂಡರು. ಒಂದರಲ್ಲಿ ಬೆಳಿಗ್ಗೆ ನಾನು ಸೇದಿಟ್ಟ ನೀರು, ಇನ್ನೊಂದರಲ್ಲಿ ಮರುಳಪ್ಪನವರದು. ನನ್ನ ನೀರನ್ನು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ನಾಲಗೆಯಿಂದ ಹಲ್ಲು ಸವರಿಕೊಂಡರು. ಎದ್ದು ಹಿತ್ತಲಿಗೆ ಹೋಗಿ ಹುಣಸೆಯ ಚಿಗುರು ಕಿತ್ತು ತಂದರು. ಹಣ್ಣಲ್ಲ, ಚಿಗುರು. ಅದನ್ನು ಕೈಯಲ್ಲಿ ಹೊಸಕಿ ಮರುಳಪ್ಪನವರ ನೀರಿಗೆ ಹಿಂಡಿದರು. ರುಚಿ ನೋಡಿದರು. ನನ್ನದನ್ನು ಮತ್ತೊಮ್ಮೆ ನೋಡಿದರು. ಬೆಲ್ಲದ ಒಂದು ಚೂರನ್ನು ಉಗುರಿನಿಂದ ಕೆರೆದು ಹಾಕಿದರು.

ಮರುಳಪ್ಪ ಎರಡನ್ನೂ ಕುಡಿದು ತಲೆಯಾಡಿಸಿದರು. ಖಾರ ಸಾಲದು ಎಂದರು.

“ಖಾರ ಎಲ್ಲೈತೆ ಇದ್ರಾಗೆ?”

“ಐತೆ. ಕೊನಿಗೆ ಬತ್ತೈತೆ. ನುಂಗಿದ ಮ್ಯಾಲೆ.”

ಓಬಳಮ್ಮ ಮತ್ತೆ ಕುಡಿದರು. ನುಂಗಿ ಕಾದರು. ಹೌದು ಎಂದು ಒಪ್ಪಿಕೊಂಡು ಒಂದು ಹಸಿಮೆಣಸಿನಕಾಯಿಯನ್ನು ಮುರಿದು, ಎರಡು ಸಲ ಅದ್ದಿ ತೆಗೆದರು. ಮರುಳಪ್ಪ ಮೂರು ಸಲ ಅದ್ದಬೇಕಿತ್ತು ಎಂದರು. ಮೂರು ಸಲ ಅದ್ದಿದರೆ ಅದು ತರಕಾರಿಯವಳ ನೀರಾಗುತ್ತದೆ, ಇವಳದಲ್ಲ ಎಂದರು ಓಬಳಮ್ಮ. ಒಗರು ಇದೆಯೋ ಇಲ್ಲವೋ ಎಂದು ಇಬ್ಬರಿಗೂ ಜಗಳವಾಯಿತು. ಮೊದಲಿತ್ತು, ಈಗ ಇಲ್ಲ ಎಂದು ಒಬ್ಬರು. ಈಗಲೂ ಇದೆ, ಸಂಜೆಯ ನೀರಿನಲ್ಲಿ ಮಾತ್ರ ಎಂದು ಇನ್ನೊಬ್ಬರು. ಅವರಿಬ್ಬರ ನಡುವೆ ನಾನು ಕೂತಿದ್ದೆ. ನನ್ನನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ, ಇಬ್ಬರೂ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅರ್ಧ ಗಂಟೆಯಾಯಿತು. ನನ್ನ ಪಾತ್ರೆ ಖಾಲಿಯಾಗುತ್ತ ಬಂತು. ಕೊನೆಗೆ ಓಬಳಮ್ಮ ಒಂದು ಹರಳು ಉಪ್ಪು ಹಾಕಿ, ಕಲಕಿ, ಎರಡನ್ನೂ ಒಂದಾದ ಮೇಲೆ ಒಂದು ಕುಡಿದು ಚೊಂಬನ್ನು ನೆಲಕ್ಕಿಟ್ಟರು. ಮರುಳಪ್ಪನವರೂ ಕುಡಿದು ಸರಿ ಎಂದರು.

“ತಗಾ,” ಎಂದು ಓಬಳಮ್ಮ ಲೋಟಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು. “ಇದು ನೀನು. ಶ್ರಾವಣದ್ದು. ಮುಂದ್ಲ ತಿಂಗಳದ್ದು ನಂಗೊತ್ತಿಲ್ಲ.”

ಕುಡಿದೆ. ಮೊದಲು ಹುಳಿ ಬಂತು, ಹಲ್ಲಿನ ಸಂದಿಗೆ ಹೋಗುವಂಥದ್ದು. ಅದು ಇಳಿಯುವಷ್ಟರಲ್ಲಿ ಏನೋ ಸಿಹಿ, ಇದೆಯೋ ಇಲ್ಲವೋ ಎನ್ನುವಷ್ಟು. ನುಂಗಿದ ಮೇಲೆ ಗಂಟಲಿನಲ್ಲಿ ಸಣ್ಣಗೆ ಖಾರ, ಹಿಂದಿನಿಂದ ಬಂದು ಭುಜ ಮುಟ್ಟಿ ಕರೆದ ಹಾಗೆ. ಇಂಥವಳು ನನಗೆ ಗೊತ್ತಿರಲಿಲ್ಲ. ಕೆಂಪು ಪೆನ್ಸಿಲಿನ ಹುಡುಗಿ ಹೀಗಿದ್ದಿರಲಾರಳು, ಅವಳದು ಬಹುಶಃ ಹೊಸ ಪುಸ್ತಕದ ವಾಸನೆಯ ನೀರು. ಲೋಹಿತ ಮದುವೆಯಾದದ್ದು ಅವಳನ್ನು. ಅವನು ಹೋದ ಮೇಲೆ ಉಳಿದ ಸಪ್ಪೆಯವಳನ್ನು ಅವನು ನೋಡಲೇ ಇಲ್ಲ. ಅವನಿಗಾಗಿ ನಾನು ಕಾದಿಟ್ಟುಕೊಂಡಿದ್ದವಳು ಅವನ ಗುರುತಿನವಳೇ ಆಗಿರಲಿಲ್ಲ. ಇದನ್ನು ಕಂಡುಕೊಳ್ಳಲು ಎರಡು ವರ್ಷ ಏಳು ತಿಂಗಳು ಹಿಡಿಯಿತು. ಲೋಟದ ತಳದಲ್ಲಿ ಚಿಗುರಿನ ಒಂದು ಎಳೆ ಉಳಿದಿತ್ತು. ಅದನ್ನೂ ಅಗಿದೆ.

ಈ ನೀರಿನಲ್ಲಿ ಸಾರು ಮಾಡಿದರೆ ಜನ ಬರುತ್ತಾರೆಯೇ ಎಂದು ಕೇಳಿದೆ. ಐದು ತಿಂಗಳಿನಿಂದ ಬರುತ್ತಿರುವುದು ಯಾರ ಸಾರಿಗೆ ಎಂದುಕೊಂಡಿದ್ದೀಯ ಎಂದರು ಓಬಳಮ್ಮ. ಈ ಮೂರು ದಿನ ಓಡಿಹೋದದ್ದು ನಿನ್ನ ನೀರಿಗಲ್ಲ, ನೀನು ಸುರಿದ ಹುಣಸೆಗೆ ಎಂದರು. ಹುಣಸೆ ತರುವ ಕೆಲಸವೊಂದು ತಪ್ಪಿತೆಂದು ತಾವು ಸುಮ್ಮನಿದ್ದುದಾಗಿ ಹೇಳಿದರು. ಕೋಣೆಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುಳಪ್ಪ ಎದ್ದು ಹೊಸ್ತಿಲ ಬಳಿಯ ಚೀಲವನ್ನು ಕಾಲಿಗೆ ತೊಡರುತ್ತದೆಂದು ಒಳಗೆ ಇಟ್ಟು ಬಂದರು.

ಆಮೇಲೆ ನಾನು ಒಂದು ಪೆದ್ದು ಪ್ರಶ್ನೆ ಕೇಳಿದೆ.

“ದೊಡ್ಡಮ್ಮ, ಅವನಿಗೆ ಇದು ಹಿಡಿಸುತ್ತಿತ್ತಾ?”

ಓಬಳಮ್ಮ ಕಡಲೆಯ ಪೊಟ್ಟಣದ ದಾರ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

“ಅವ್ನ ನಾಲಗೆ ನಂಗೇನು ಗೊತ್ತವ್ವಾ. ನಿಂಗೆ ಹಿಡಿಸ್ತಾ, ಅದು ಹೇಳು.”

ನಾನು ಯೋಚಿಸಿದೆ. ಗಂಟಲಿನಲ್ಲಿ ಖಾರ ಇನ್ನೂ ಇತ್ತು. ಹೊರಗೆ ಯಾರೋ ಬಂದು ಸಂಜೆಗೆ ಊಟವಿದೆಯೇ ಎಂದು ಕೇಳುತ್ತಿದ್ದರು, ಮರುಳಪ್ಪ ಇದೆ ಎನ್ನುತ್ತಿದ್ದರು. ನಾನು ಲೋಟವನ್ನು ಮುಂದೆ ಚಾಚಿದೆ.

“ಇನ್ನೊಂದು ಸ್ವಲ್ಪ ಹಾಕಿ,” ಎಂದೆ.